ಗ್ಯಾಸೆಣ್ಣೆಯ ಅರ್ಧ ಅಂಕ

ನನ್ನ ತವರು ಹೊನ್ನಾಳಿಯಲ್ಲಿ ಅದನ್ನು ಸೀಮೆಎಣ್ಣೆ ಅನ್ನುತ್ತಿದ್ದೆವು. ಮದುವೆಯಾಗಿ ಚನ್ನಗಿರಿಗೆ ಬಂದಾಗ ನಮ್ಮ ಅತ್ತೆ ಚಿಮಣಿ ಎಣ್ಣೆ ಅಂದರು. ಮೊದಲು ಕೆಲಸಕ್ಕೆ ಸೇರಿದ ನ್ಯಾಮತಿಯಲ್ಲಿ ಪಡಿತರ ಅಂಗಡಿಯ ಹಲಗೆಯ ಮೇಲೆ ಸೀಮೆಎಣ್ಣೆ ಎಂದೂ, ಕ್ಯಾನು ಹಿಡಿದು ನಿಂತವರ ಬಾಯಲ್ಲಿ ಕೆರೋಸಿನ್ ಎಂದೂ ಇತ್ತು. ಜಗಳೂರಿಗೆ ವರ್ಗವಾದ ಮೇಲೆ ಅದಕ್ಕೆ ಇನ್ನೊಂದು ಹೆಸರು ಸಿಕ್ಕಿತು: ಗ್ಯಾಸೆಣ್ಣೆ. ಈ ನಾಲ್ಕೂ ಊರು ಈಗ ದಾವಣಗೆರೆ ಜಿಲ್ಲೆಗೆ ಸೇರಿವೆ. 1997ಕ್ಕಿಂತ ಮೊದಲು ಹೊನ್ನಾಳಿ, ಚನ್ನಗಿರಿ ಶಿವಮೊಗ್ಗಕ್ಕೂ, ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ಜಿಲ್ಲೆ ಒಂದಾದರೂ ಮಾತು ಒಂದಾಗಿರಲಿಲ್ಲ. ಎಣ್ಣೆ ಮಾತ್ರ ಒಂದೇ, ಅದರ ವಾಸನೆಯೂ ಒಂದೇ.

ಆ ವಾಸನೆ ನಮ್ಮ ತಲೆಮಾರಿನ ಹೆಂಗಸರಿಗೆ ಮರೆಯುವಂಥದ್ದಲ್ಲ. ಸಂಜೆಯಾದರೆ ಲಾಟೀನಿನ ಗಾಜಿಗೆ ಬೂದಿ ಹಚ್ಚಿ ಒರೆಸುವುದು ಮನೆಯ ಹೆಣ್ಣುಮಕ್ಕಳ ಕೆಲಸ. ಗಾಜಿನೊಳಗೆ ದೊಡ್ಡವರ ಕೈ ಹೋಗುವುದಿಲ್ಲವೆಂದು ನನ್ನನ್ನೇ ಕರೆಯುತ್ತಿದ್ದರು. ಬತ್ತಿ ಕತ್ತರಿಸುವಾಗ ಓರೆಯಾದರೆ ಒಂದು ಕಡೆ ಹೊಗೆ ಹತ್ತುತ್ತಿತ್ತು, ಅದಕ್ಕೊಂದು ಬೈಗುಳ. ಮುಂದೆ ಅದೇ ಎಣ್ಣೆ ಪಂಪ್ ಸ್ಟೋವಿಗೆ ಬಂತು. 'ಸ್ಟೋವ್ ಸಿಡಿದು ಗೃಹಿಣಿ ಸಾವು' ಎಂಬ ಎರಡು ಸಾಲಿನ ಸುದ್ದಿಯ ಹಿಂದೆ ಎಷ್ಟೋ ಸಲ ಬೇರೆ ಏನೋ ಇರುತ್ತಿತ್ತೆಂದು ನಿಮಗೂ ಗೊತ್ತು, ನನಗೂ ಗೊತ್ತು. ಬೆಳಕು ಕೊಟ್ಟದ್ದೂ ಅದೇ ಎಣ್ಣೆ, ಸುಟ್ಟದ್ದೂ ಅದೇ ಎಣ್ಣೆ.

ಆದರೆ ಅದು ಎಲ್ಲಿಂದ ಬಂತು, ಮೊದಲು ಯಾವುದರಿಂದ ಮಾಡಿದರು ಎಂದು ನಾನು ಕೇಳಿಕೊಂಡವಳಲ್ಲ. ಕೇಳಿಕೊಳ್ಳುವಂತೆ ಮಾಡಿದ್ದು ಜಗಳೂರಿನ ಒಬ್ಬ ಹುಡುಗಿ. ಅವಳಿಗೆ ನಾನು ಅರ್ಧ ಅಂಕ ಬಾಕಿ ಉಳಿಸಿಕೊಂಡಿದ್ದೇನೆ.

2001ರ ಅರ್ಧವಾರ್ಷಿಕ ಪರೀಕ್ಷೆ. ನಾನು ಎಂಟನೆಯ ತರಗತಿಗೆ ಸಮಾಜ ವಿಜ್ಞಾನ ಹೇಳುತ್ತಿದ್ದೆ. ಬಿ.ಎ.ನಲ್ಲಿ ಓದಿದ್ದು ಇತಿಹಾಸ, ಭೂಗೋಳವನ್ನು ಪಠ್ಯಪುಸ್ತಕ ನೋಡಿಯೇ ದಾಟಿಸುತ್ತಿದ್ದೆ. 'ಕಲ್ಲಿದ್ದಲಿನ ಉಪಯೋಗಗಳನ್ನು ಬರೆಯಿರಿ' ಎಂಬ ಎರಡು ಅಂಕದ ಪ್ರಶ್ನೆ. ಎಲ್ಲರೂ ಪುಸ್ತಕದಲ್ಲಿದ್ದ ನಾಲ್ಕು ಸಾಲು ಬರೆದಿದ್ದರು. ಈ ಹುಡುಗಿ ಮೂರು ಬರೆದು, ನಾಲ್ಕನೆಯದಾಗಿ 'ಕಲ್ಲಿದ್ದಲಿನಿಂದ ಗ್ಯಾಸೆಣ್ಣೆ ಮಾಡಿ ಅದರಿಂದ ಕರೆಂಟು ಮಾಡುತ್ತಾರೆ' ಎಂದು ಬರೆದಿದ್ದಳು. ನಾನು ಕೆಂಪು ಶಾಯಿಯಲ್ಲಿ ಅಡ್ಡ ಗೀಟು ಎಳೆದು ಅರ್ಧ ಅಂಕ ಕಳೆದೆ. ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಉತ್ತರಪತ್ರಿಕೆ ಹಂಚುವ ದಿನ ಅದನ್ನು ಗಟ್ಟಿಯಾಗಿ ಓದಿ, 'ಗ್ಯಾಸೆಣ್ಣೆಯಿಂದ ಕರೆಂಟೇ? ಬುಡ್ಡಿಗೆ ಹಾಕಿದರೆ ಬಲ್ಬು ಹತ್ತುತ್ತದೇನಮ್ಮ?' ಎಂದು ನಕ್ಕೆ. ತರಗತಿಯೂ ನಕ್ಕಿತು.

'ನಮ್ಮಣ್ಣ ಹೇಳ್ಯಾನ ಮಿಸ್. ಅವ ತೋರಣಗಲ್ಲಿಗೆ ಕೆಲ್ಸಕ್ಕೆ ಹೋಗ್ಯಾನ' ಎಂದಳು.

'ನಿಮ್ಮಣ್ಣ ಹೇಳಿದ್ದು ಪರೀಕ್ಷೆಗೆ ಬರಲ್ಲ, ಪುಸ್ತಕದಲ್ಲಿದ್ದದ್ದು ಬರುತ್ತೆ' ಎಂದೆ.

ಅವಳು ಕೂತಳು. ಆ ವರ್ಷವೆಲ್ಲ ಮತ್ತೆ ಕೈ ಎತ್ತಲಿಲ್ಲ. ಎತ್ತಲಿಲ್ಲ ಎನ್ನುವುದನ್ನು ನಾನು ಆಗ ಗಮನಿಸಲೂ ಇಲ್ಲ, ಅದು ಹೊಳೆದದ್ದು ಬಹಳ ವರ್ಷಗಳ ನಂತರ.

ಒಂಬತ್ತನೆಯ ತರಗತಿಗೆ ಕೈಗಾರಿಕಾ ಕ್ರಾಂತಿಯ ಪಾಠ ಮಾಡುತ್ತಿದ್ದಾಗ, ಪಠ್ಯದಲ್ಲಿ ಇಲ್ಲದ ನಾಲ್ಕು ಮಾತು ಹೇಳೋಣವೆಂದು ಗ್ರಂಥಾಲಯದ ಪುಸ್ತಕಗಳನ್ನು ತಿರುವಿದೆ. ಅಲ್ಲಿ ಸಿಕ್ಕಿತು ನೋಡಿ. ಸೀಮೆಎಣ್ಣೆಯನ್ನು ಮೊಟ್ಟಮೊದಲು ಮಾಡಿದ್ದು ನೆಲದೊಳಗಿನ ಎಣ್ಣೆಯಿಂದಲ್ಲ, ಕಲ್ಲಿದ್ದಲಿನಂಥ ವಸ್ತುವಿನಿಂದಲೇ! 1846ರಲ್ಲಿ ಕೆನಡಾದ ಅಬ್ರಹಾಂ ಗೆಸ್ನರ್ ಎಂಬಾತ ಕಲ್ಲಿದ್ದಲನ್ನು ಕಾಯಿಸಿ, ಹಬೆಯನ್ನು ತಣಿಸಿ, ದೀಪಕ್ಕೆ ಬರುವ ತಿಳಿ ಎಣ್ಣೆ ಇಳಿಸಿ ಜನರ ಮುಂದೆ ಉರಿಸಿ ತೋರಿಸಿದ. ಗ್ರೀಕ್ ಭಾಷೆಯಲ್ಲಿ ಮೇಣಕ್ಕಿರುವ ಪದವನ್ನು ಹಿಡಿದು 'ಕೆರೋಸಿನ್' ಎಂಬ ಹೆಸರು ಕೊಟ್ಟವನೂ ಅವನೇ. 1850ರಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಯಂಗ್ ಇದೇ ಬಗೆಯ ಎಣ್ಣೆಗೆ ಪೇಟೆಂಟ್ ಪಡೆದು ಕಾರ್ಖಾನೆ ಹಾಕಿದ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಡ್ರೇಕ್ ಎಂಬಾತ ಎಣ್ಣೆಯ ಬಾವಿ ಕೊರೆದದ್ದು 1859ರಲ್ಲಿ. ಆ ಮೇಲೆ ನೆಲದೆಣ್ಣೆ ಅಗ್ಗವಾಯಿತು, ಕಲ್ಲಿದ್ದಲ ಎಣ್ಣೆಯ ಕಾರ್ಖಾನೆಗಳು ಅದರ ಕಡೆಗೇ ತಿರುಗಿದವು.

'ಗ್ಯಾಸೆಣ್ಣೆ' ಎಂಬ ಮಾತಿನ ಬೇರೂ ಕಲ್ಲಿದ್ದಲಿನಲ್ಲೇ ಇದೆ. ಎಣ್ಣೆಗಿಂತ ಮೊದಲು ಕಲ್ಲಿದ್ದಲಿನಿಂದ ಅನಿಲ ತೆಗೆದು ಲಂಡನ್ನಿನ ಬೀದಿಗಳಿಗೆ ಬೆಳಕು ಕೊಟ್ಟರು. ಅದಕ್ಕೆಂದೇ 1812ರಲ್ಲಿ ಒಂದು ಕಂಪನಿ ಸ್ಥಾಪನೆಯಾಯಿತು. 1857ರಲ್ಲಿ ಕಲ್ಕತ್ತೆಯ ಬೀದಿಗೆ, 1860ರ ದಶಕದಲ್ಲಿ ಬೊಂಬಾಯಿಗೆ ಅದೇ ಗ್ಯಾಸ್ ಲೈಟು ಬಂತು. ಮರಾಠಿಯವರ ಬಾಯಲ್ಲಿ ಗ್ಯಾಸ್ ಲೈಟು 'ಘಾಸಲೇಟ್' ಆಗಿ, ದೀಪದ ಹೆಸರು ದೀಪದ ಎಣ್ಣೆಗೆ ಅಂಟಿಕೊಂಡಿತು. ನಮ್ಮ ಉತ್ತರದ ಸೀಮೆಯಲ್ಲಿ ಅದೇ ಗಾಸಲೇಟು ಎಣ್ಣೆ, ಗ್ಯಾಸೆಣ್ಣೆ. ಜಗಳೂರಿನ ಹುಡುಗಿಯ ಬಾಯಲ್ಲಿದ್ದ ಮಾತಿಗೆ ನನ್ನ ಪಠ್ಯಪುಸ್ತಕಕ್ಕಿಂತ ಹೆಚ್ಚು ಇತಿಹಾಸ ಗೊತ್ತಿತ್ತು.

ಅವಳ ಉತ್ತರದ ಅರ್ಧ ಸರಿಯಾಯಿತು. ಉಳಿದರ್ಧ ಕರೆಂಟಿನ ಮಾತು. ಅದನ್ನು ಹುಡುಕುತ್ತ ಹೋದರೆ ಮೊದಲು ಎದುರಾದದ್ದು ನಮ್ಮ ಪಕ್ಕದ ಊರು.

ನಮ್ಮ ನಾಡಿನಲ್ಲಿ ಕಲ್ಲಿದ್ದಲಿನ ಗಣಿ ಇಲ್ಲ. ಆದ್ದರಿಂದಲೇ ಹಳೆಯ ಮೈಸೂರು ಸಂಸ್ಥಾನ ಬೆಳಕಿಗಾಗಿ ನೀರಿನ ಕಡೆ ನೋಡಿತು. 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿದೀಪ ಹತ್ತಿತು, 1948ರಲ್ಲಿ ಜೋಗದ ವಿದ್ಯುದಾಗಾರ ಶುರುವಾಯಿತು. ಆದರೆ ಕಬ್ಬಿಣ ಕರಗಿಸಲು ನೀರು ಸಾಲದು. 1923ರಲ್ಲಿ ವಿಶ್ವೇಶ್ವರಯ್ಯನವರ ಹಂಬಲದಿಂದ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿದಾಗ ಕಲ್ಲಿದ್ದಲಿನ ಬದಲು ಮಲೆನಾಡಿನ ಕಟ್ಟಿಗೆಯ ಇದ್ದಲು ಬಳಸಿದರು. ಕಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿ ಕಾಯಿಸುವುದು, ಉಳಿದ ಇದ್ದಲನ್ನು ಕುಲುಮೆಗೆ ಹಾಕುವುದು, ಎದ್ದ ಹಬೆಯನ್ನು ತಣಿಸಿ ಡಾಂಬರು, ಮರದ ಸ್ಪಿರಿಟ್ಟು ಇಳಿಸುವುದು. ಗೆಸ್ನರ್ ಕಲ್ಲಿದ್ದಲಿಗೆ ಮಾಡಿದ್ದನ್ನೇ ಇಲ್ಲಿ ಕಟ್ಟಿಗೆಗೆ ಮಾಡಿದರು. ಚನ್ನಗಿರಿಯಿಂದ ಬಸ್ಸು ಹತ್ತಿದರೆ ಹೆಚ್ಚು ಹೊತ್ತಿನ ದಾರಿಯಲ್ಲ, ಆದರೂ ಅದು ನನಗೆ ತಿಳಿದಿರಲಿಲ್ಲ.

ನಮ್ಮ ಅಜ್ಜಿ ಹೇಳುತ್ತಿದ್ದ ಇದ್ದಲು ಬಸ್ಸಿನ ಕಥೆಯೂ ಆಗ ಅರ್ಥವಾಯಿತು. ಎರಡನೆಯ ಮಹಾಯುದ್ಧದ ಕಾಲ, ಪೆಟ್ರೋಲು ಸಿಗದು. ಬಸ್ಸಿನ ಹಿಂಬದಿಗೆ ಒಂದು ಕಬ್ಬಿಣದ ಹಂಡೆ, ಅದರಲ್ಲಿ ಇದ್ದಲು. ಕ್ಲೀನರ್ ಹುಡುಗ ತಿದಿಯಂತೆ ಗಾಳಿಚಕ್ರ ತಿರುಗಿಸುತ್ತಿದ್ದ. ಅರೆಗಾಳಿಯಲ್ಲಿ ಉರಿದ ಇದ್ದಲು ಒಂದು ಅನಿಲ ಕೊಡುತ್ತದೆ, ಆ ಅನಿಲದಿಂದ ಎಂಜಿನ್ ಓಡುತ್ತದೆ. 'ದಿಬ್ಬ ಬಂದ್ರೆ ಗಂಡಸರೆಲ್ಲ ಇಳಿದು ನೂಕಬೇಕಿತ್ತು, ನಾವು ಹೆಂಗಸರು ಮಾತ್ರ ಮಹಾರಾಣಿಯರ ಹಂಗೆ ಕೂತಿರ್ತಿದ್ವಿ' ಎಂದು ಅಜ್ಜಿ ನಗುತ್ತಿದ್ದಳು.

ನಮ್ಮಲ್ಲಿ ನಗೆಯ ಕಥೆಯಾದದ್ದು ಜರ್ಮನಿಯಲ್ಲಿ ಘೋರವಾಯಿತು. ಆ ದೇಶದಲ್ಲಿ ಕಲ್ಲಿದ್ದಲು ಹೇರಳ, ಎಣ್ಣೆ ಅತ್ಯಲ್ಪ. ಕಲ್ಲಿದ್ದಲಿಗೂ ಎಣ್ಣೆಗೂ ಇರುವ ವ್ಯತ್ಯಾಸವನ್ನು ಸರಳವಾಗಿ ಹೇಳುವುದಾದರೆ, ಎಣ್ಣೆಯಲ್ಲಿ ಜಲಜನಕ ಹೆಚ್ಚು, ಕಲ್ಲಿದ್ದಲಿನಲ್ಲಿ ಕಡಿಮೆ. ಭಾರಿ ಒತ್ತಡದಲ್ಲಿ ಜಲಜನಕವನ್ನು ಕಲ್ಲಿದ್ದಲಿಗೆ ಸೇರಿಸುವ ದಾರಿಯನ್ನು ಬರ್ಗಿಯಸ್ 1913ರಲ್ಲಿ ಕಂಡುಕೊಂಡರು. ಕಲ್ಲಿದ್ದಲನ್ನು ಮೊದಲು ಅನಿಲ ಮಾಡಿ, ಆ ಅನಿಲದಿಂದ ಎಣ್ಣೆ ಕಟ್ಟುವ ಇನ್ನೊಂದು ದಾರಿಯನ್ನು ಫಿಷರ್ ಮತ್ತು ಟ್ರಾಪ್ಷ್ 1925ರಲ್ಲಿ ತೋರಿಸಿದರು. ಬರ್ಗಿಯಸ್‌ಗೆ 1931ರಲ್ಲಿ ನೊಬೆಲ್ ಬಹುಮಾನವೂ ಬಂತು. ಹಿಟ್ಲರನ ವಿಮಾನಗಳು ಹಾರಿದ್ದು ಬಹುಪಾಲು ಕಲ್ಲಿದ್ದಲಿನಿಂದ ಮಾಡಿದ ಪೆಟ್ರೋಲಿನಲ್ಲಿ. ಆಷ್‌ವಿಟ್ಸ್‌ನ ಪಕ್ಕದ ಮೊನೊವಿಟ್ಸ್‌ನಲ್ಲಿ ಕಲ್ಲಿದ್ದಲಿನಿಂದ ರಬ್ಬರು, ಇಂಧನ ಮಾಡುವ ಕಾರ್ಖಾನೆ ಕಟ್ಟಲು ಸೆರೆಯಾಳುಗಳನ್ನು ದುಡಿಸಿದರು, ಸಾವಿರಾರು ಜನ ಅಲ್ಲಿ ಸತ್ತರು. 1944ರ ಮೇ ತಿಂಗಳಿಂದ ಮಿತ್ರರಾಷ್ಟ್ರಗಳು ಇಂಥ ಎಣ್ಣೆ ಕಾರ್ಖಾನೆಗಳನ್ನೇ ಗುರಿಯಿಟ್ಟು ಬಾಂಬು ಹಾಕಿದ ಮೇಲೆ ಆ ವಿಮಾನಗಳಿಗೆ ಎಣ್ಣೆ ಇಲ್ಲದಂತಾಯಿತು.

ಆಮೇಲಿನ ಅಧ್ಯಾಯ ದಕ್ಷಿಣ ಆಫ್ರಿಕಾದ್ದು. ಬಿಳಿಯರ ವರ್ಣಭೇದ ಸರಕಾರದ ಜೊತೆ 1946ರಲ್ಲೇ ವ್ಯಾಪಾರ ಕಡಿದುಕೊಂಡ ದೇಶ ನಮ್ಮದು. ಮುಂದೆ ಎಣ್ಣೆ ಮಾರುವ ದೇಶಗಳೂ ಒಂದೊಂದಾಗಿ ಕೈ ಹಿಂತೆಗೆದವು, 1973ರಲ್ಲಿ ಅರಬ್ ದೇಶಗಳು, 1979ರಲ್ಲಿ ಇರಾನ್. ಆ ಸರಕಾರ ಕಲ್ಲಿದ್ದಲನ್ನು ನೆಚ್ಚಿಕೊಂಡಿತು. ಸಾಸೋಲ್ ಎಂಬ ಕಂಪನಿ 1955ರಲ್ಲಿ ಸಾಸೋಲ್‌ಬರ್ಗ್‌ನಲ್ಲಿ ಕಲ್ಲಿದ್ದಲಿನಿಂದ ಎಣ್ಣೆ ತೆಗೆಯಲು ಆರಂಭಿಸಿತು. ಬಳಿಕ ಸೆಕುಂಡಾದಲ್ಲಿ ಇನ್ನೂ ಭಾರಿ ಕಾರ್ಖಾನೆಗಳೆದ್ದವು. ಇಷ್ಟೆಲ್ಲ ವಿದ್ಯೆ ಇದ್ದ ಆ ದೇಶದ ಹೆಚ್ಚಿನ ಕರಿಯರ ಮನೆಗಳಿಗೆ 1990ರ ಸುಮಾರಿಗೂ ಕರೆಂಟಿರಲಿಲ್ಲ. ಅಲ್ಲಿನ ತಾಯಂದಿರು ನಮ್ಮಂತೆಯೇ ಸೀಮೆಎಣ್ಣೆ ದೀಪ, ಮೇಣದ ಬತ್ತಿ, ಇದ್ದಲ ಒಲೆಗಳ ಹೊಗೆಯಲ್ಲಿ ಕೂತಿದ್ದರು. ನನಗೆ ಈ ಚರಿತ್ರೆಯಲ್ಲಿ ಚುಚ್ಚಿದ್ದು ಇದು. ಒಂದು ವಿದ್ಯೆ ದೊಡ್ಡದೋ ಸಣ್ಣದೋ ಎಂದು ತಿಳಿಯಲು ಅದು ಯಾರ ಮನೆಗೆ ಬೆಳಕು ತಂದಿತು ಎಂದು ಕೇಳಬೇಕು.

ಕಲ್ಲಿದ್ದಲ ಎಣ್ಣೆಯಿಂದ ಕರೆಂಟು ಮಾಡಿದ್ದೂ ಉಂಟು. 1978ರಲ್ಲಿ ನ್ಯೂಯಾರ್ಕ್ ನಗರದ ಒಂದು ವಿದ್ಯುತ್ ಕೇಂದ್ರದಲ್ಲಿ ಕಲ್ಲಿದ್ದಲಿನಿಂದ ಮಾಡಿದ ಎಣ್ಣೆಯನ್ನು ಪರೀಕ್ಷೆಗಾಗಿ ಬಾಯ್ಲರಿನಲ್ಲಿ ಉರಿಸಿದರು. ದಕ್ಷಿಣ ಆಫ್ರಿಕಾದಲ್ಲಿ 2007ರಿಂದ ಡೀಸೆಲ್ ಉರಿಸುವ ಟರ್ಬೈನುಗಳಿವೆ. ಆ ದೇಶದ ಡೀಸೆಲಿನ ಒಂದು ಪಾಲು ಇಂದಿಗೂ ಕಲ್ಲಿದ್ದಲಿನಿಂದಲೇ ಬರುವುದು. ನಮ್ಮ ದೇಶದಲ್ಲಿ ಧನ್‌ಬಾದ್ ಬಳಿ 1950ರಲ್ಲಿ ಆರಂಭವಾದ ಇಂಧನ ಸಂಶೋಧನಾ ಸಂಸ್ಥೆ ಇಂಥ ಪ್ರಯೋಗಗಳನ್ನು ನಡೆಸಿತು. 2009ರಲ್ಲಿ ಒಡಿಶಾದ ತಾಲ್ಚೇರ್ ಪ್ರದೇಶದ ಎರಡು ಗಣಿಗಳನ್ನು ಕಲ್ಲಿದ್ದಲಿನಿಂದ ಎಣ್ಣೆ ಮಾಡುವುದಕ್ಕೆಂದೇ ಖಾಸಗಿ ಕಂಪನಿಗಳಿಗೆ ಹಂಚಿದರು. 2014ರಲ್ಲಿ ಸುಪ್ರೀಂ ಕೋರ್ಟು ಗಣಿ ಹಂಚಿಕೆಗಳನ್ನು ರದ್ದು ಮಾಡಿದಾಗ ಅವೂ ಹೋದವು.

ಕರ್ನಾಟಕದಲ್ಲಿ ದ್ರವ ಇಂಧನದಿಂದ ಕರೆಂಟು ಮಾಡಿದ್ದು ನೆಲದೆಣ್ಣೆಯಿಂದ. 1990ರ ದಶಕದಲ್ಲಿ ಯಲಹಂಕದಲ್ಲಿ ಡೀಸೆಲ್ ಸ್ಥಾವರ ಬಂತು. 2001ರಲ್ಲಿ ಮಂಗಳೂರಿನ ತಣ್ಣೀರುಬಾವಿಯಲ್ಲಿ ನೀರಮೇಲೆ ತೇಲುವ ನಾವೆಯಲ್ಲೇ ನಾಫ್ತಾ ಎಂಬ ಎಣ್ಣೆ ಉರಿಸಿ 220 ಮೆಗಾವ್ಯಾಟ್ ತೆಗೆದರು. ಎರಡೂ ದುಬಾರಿಯ ಬೆಳಕು. ತಣ್ಣೀರುಬಾವಿಯ ನಾವೆ ಮುಂದೆ ಆಂಧ್ರದ ಕಾಕಿನಾಡಕ್ಕೆ ಹೊರಟುಹೋಯಿತು. 1985ರಲ್ಲಿ ಆರಂಭವಾದ ರಾಯಚೂರಿನ ಸ್ಥಾವರದಂಥ ಕಡೆ ಕಲ್ಲಿದ್ದಲನ್ನೇ ನೇರ ಉರಿಸುತ್ತಾರೆ. ಅಲ್ಲೂ ಬಾಯ್ಲರ್ ಹೊತ್ತಿಸಲು ಮೊದಲು ಎಣ್ಣೆ ಬೇಕು, ನಾವು ಹಸಿ ಸೌದೆಗೆ ಸೀಮೆಎಣ್ಣೆ ಚಿಮುಕಿಸಿದ ಹಾಗೆ.

ಹಾಗಾದರೆ ತೋರಣಗಲ್ಲು? ಅಲ್ಲಿಯದೇ ಸ್ವಾರಸ್ಯ. 1999ರಲ್ಲಿ ಅಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕೋರೆಕ್ಸ್ ಎಂಬ ಹೊಸ ವಿಧಾನದ ಕುಲುಮೆ ಹೊತ್ತಿತು. ಕಬ್ಬಿಣದ ಅದಿರು ಕರಗಿಸುವಾಗ ಕಲ್ಲಿದ್ದಲು ಅನಿಲವಾಗಿ ಏಳುತ್ತದೆ. ಆ ಅನಿಲವನ್ನು ಬಿಡದೆ ಹಿಡಿದು ಪಕ್ಕದ ವಿದ್ಯುತ್ ಸ್ಥಾವರಕ್ಕೆ ಒಯ್ದು ಕರೆಂಟು ಮಾಡಿದರು. 130 ಮೆಗಾವ್ಯಾಟಿನ ಎರಡು ಘಟಕಗಳು, ಆ ಅನಿಲ ಮತ್ತು ಕಲ್ಲಿದ್ದಲು ಎರಡನ್ನೂ ಉರಿಸುವಂಥವು. ಹುಡುಗಿಯ ಅಣ್ಣ ಊರಿಗೆ ಬಂದಾಗ ಹೇಳಿದ್ದು 'ಕಲ್ಲಿದ್ದಲಿನ ಗ್ಯಾಸಿನಿಂದ ಕರೆಂಟು' ಎಂದಿರಬೇಕು. ಅವಳ ಮನೆಯಲ್ಲಿ ಗ್ಯಾಸ್ ಎಂದರೆ ಗ್ಯಾಸೆಣ್ಣೆ, ಅಡುಗೆಯ ಸಿಲಿಂಡರು ಆ ಬೀದಿಗೇ ಬಂದಿರಲಿಲ್ಲ. ತನಗೆ ಗೊತ್ತಿದ್ದ ಮಾತಿನಲ್ಲಿ ಅವಳು ಬರೆದಳು. ನನಗೆ ಗೊತ್ತಿಲ್ಲದ್ದನ್ನು ನಾನು ತಪ್ಪು ಎಂದೆ.

2023ರ ಅಕ್ಟೋಬರ್. ಮಳೆ ಕೈಕೊಟ್ಟ ವರ್ಷ, ದಿನವೂ ಕರೆಂಟು ತೆಗೆಯುತ್ತಿದ್ದರು. ಹೊನ್ನಾಳಿ ಬಸ್ ನಿಲ್ದಾಣದಲ್ಲಿ ಉಚಿತ ಟಿಕೆಟ್ಟಿನ ಕೃಪೆಯಿಂದ ತವರಿಗೆ ಹೊರಟ ಹೆಂಗಸರ ಗದ್ದಲ. ಎದುರಿನ ಹೋಟೆಲಿನ ಮುಂದೆ ಜನರೇಟರು ಡುಗುಡುಗು ಅನ್ನುತ್ತ ಡೀಸೆಲ್ ಹೊಗೆ ಕಾರುತ್ತಿತ್ತು. 'ಮಿಸ್, ಚೆನ್ನಾಗಿದ್ದೀರಾ?' ಎಂದು ಒಬ್ಬಳು ಕಾಲು ಮುಟ್ಟಿದಳು. ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು. ಜೊತೆಗೆ ಹನ್ನೆರಡು ವರ್ಷದ ಮಗಳು. ನ್ಯಾಮತಿಯ ಕಡೆ ಕೊಟ್ಟಿದ್ದಾರಂತೆ, ಮನೆಯಲ್ಲೇ ಹೊಲಿಗೆ ಮಾಡುತ್ತಾಳಂತೆ. ಕರೆಂಟು ಹೋದರೆ ಮೋಟಾರು ನಿಲ್ಲುತ್ತದೆ, ಕಾಲಲ್ಲಿ ತುಳಿಯುತ್ತೇನೆ ಎಂದಳು.

ನಾನು ಹಿಂದುಮುಂದು ನೋಡದೆ ಹೇಳಿಬಿಟ್ಟೆ. 'ಆವತ್ತು ನಿನ್ನ ಗ್ಯಾಸೆಣ್ಣೆ ಉತ್ತರ ತಪ್ಪಾಗಿರಲಿಲ್ಲ ಕಣಮ್ಮ. ತಪ್ಪು ನಂದು.'

ಅವಳು ಯೋಚಿಸಿದಳು. 'ಪ್ರಶ್ನೆ ನೆನಪಿಲ್ಲ ಮಿಸ್. ಎಲ್ಲರೂ ನಕ್ಕಿದ್ದು ನೆನಪೈತಿ' ಎಂದಳು. ಸಿಟ್ಟಿನಿಂದಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನನಗೆ ಮಾತು ಹೊರಡಲಿಲ್ಲ.

ಕಾಪಾಡಿದವಳು ಮಗಳು. 'ಕಲ್ಲಿದ್ದಲಿಂದ ಎಣ್ಣೆ ಬರ್ತದೆ ಅಂದ್ರೆ, ಎಲ್ಲ ಕಡೆ ಅದನ್ನೇ ಮಾಡಿ ಕರೆಂಟು ಯಾಕೆ ಮಾಡಲ್ಲ ಟೀಚರ್?' ಎಂದು ಕೇಳಿತು ಮಗು.

ಈ ಸಲ ನಾನು ನಗಲಿಲ್ಲ. 'ನಿಮ್ಮಮ್ಮ ಹಾಲಿಗೆ ಹೆಪ್ಪು ಹಾಕಿ, ಕಡೆದು, ಬೆಣ್ಣೆ ತೆಗೆದು, ತುಪ್ಪ ಕಾಯಿಸಿ, ಆ ತುಪ್ಪವನ್ನ ಒಲೆಗೆ ಸುರಿದು ಸ್ನಾನಕ್ಕೆ ನೀರು ಕಾಯಿಸ್ತಾಳೇನು?' ಎಂದೆ. ಮಗು ನಕ್ಕಿತು. ಲೆಕ್ಕ ಹೇಳಿದೆ. ಕಲ್ಲಿದ್ದಲಿನಲ್ಲಿ 100 ಪಾಲು ಶಾಖವಿದೆ ಅಂದುಕೊ. ನೇರ ಉರಿಸಿದರೆ ಸುಮಾರು 35 ಪಾಲು ಕರೆಂಟಾಗುತ್ತದೆ. ಎಣ್ಣೆ ಮಾಡಹೊರಟರೆ ಅರ್ಧ ಅಲ್ಲಿಯೇ ಕಳೆಯುತ್ತದೆ. ಉಳಿದ 50 ಪಾಲನ್ನು ಎಂಜಿನ್ನಿನಲ್ಲಿ ಉರಿಸಿದರೆ ಕೊನೆಗೆ 20 ಪಾಲು ಸಿಕ್ಕರೆ ಪುಣ್ಯ. ಒಂದು ಪೀಪಾಯಿ ಎಣ್ಣೆಗೆ ಹಲವು ಪೀಪಾಯಿ ನೀರೂ ಬೇಕು, ಹೊಗೆಯೂ ಹೆಚ್ಚು. ಆದರೆ ಕಲ್ಲಿದ್ದಲನ್ನು ಲಾರಿಯ ಟ್ಯಾಂಕಿಗೆ ಹಾಕಲಾಗದು, ಆ ಹೋಟೆಲಿನವರ ಜನರೇಟರಿಗೂ ಹಾಕಲಾಗದು. ಎಣ್ಣೆಯನ್ನು ಕ್ಯಾನಿನಲ್ಲಿ ತುಂಬಿಟ್ಟು ಬೇಕಾದಾಗ ಉರಿಸಬಹುದು. ಆದ್ದರಿಂದ ಬೇರೆ ದಾರಿ ಕಾಣದವರು ಮಾತ್ರ ತುಪ್ಪ ಸುರಿದು ನೀರು ಕಾಯಿಸುತ್ತಾರೆ.

'ನೀರು ಬೇಕು ಅಂದ್ರೆ ನಮ್ಮ ಜಗಳೂರಲ್ಲಿ ಆಗಂಗಿಲ್ಲ ಬಿಡಿ ಮಿಸ್' ಎಂದಳು ಅವಳು. ಕುಡಿಯುವ ನೀರಿಗೆ ಟ್ಯಾಂಕರು ಕಾದ ಊರಿನವಳ ಮಾತು ಅದು. ಪಠ್ಯಪುಸ್ತಕ ಬರೆಯುವವರು ಕೂಡ ಅದಕ್ಕಿಂತ ಸರಿಯಾಗಿ ಹೇಳಲಾರರು.

'ಹಂಗಾದ್ರೆ ಮೊದಲನೇ ಸಲ ಯಾರು ಮಾಡಿದ್ರು ಟೀಚರ್? ಯಾಕೆ ಮಾಡಿದ್ರು?' ಎಂದು ಮಗು ಮತ್ತೆ ಶುರುಮಾಡಿತು. ಅಷ್ಟರಲ್ಲಿ ನ್ಯಾಮತಿ ಬಸ್ಸು ಬಂತು. ಕಿಟಕಿಯಿಂದ ಸೀಟಿಗೆ ಟವೆಲ್ ಎಸೆಯುವ ಗಡಿಬಿಡಿಯಲ್ಲಿ ತಾಯಿ ಮಗಳು ಹತ್ತಿಕೊಂಡರು. ಉಳಿದದ್ದನ್ನು ಬರೆದು ಕಳಿಸುತ್ತೇನೆ ಎಂದು ಕೆಳಗಿನಿಂದ ಕೂಗಿ ಹೇಳಿದೆ.

ಬರೆದದ್ದು ಇಷ್ಟು. ಅರ್ಧ ಅಂಕವನ್ನು ಯಾವ ದಾಖಲೆಯಲ್ಲಿ ಸೇರಿಸಬೇಕೋ ತಿಳಿಯದು. ಆ ಮಗು ಮಾತ್ರ ತನ್ನ ತರಗತಿಯಲ್ಲಿ ಕೈ ಎತ್ತುತ್ತಿರಲಿ.